ವರ್ಷಕ್ಕೆ ಎಷ್ಟು ಕಿಲೋಮೀಟರ್?

2022ರ ನಾಗರ ಪಂಚಮಿಗೆ ಅಣ್ಣ ಬೆಂಗಳೂರಿನಿಂದ ಬಂದಾಗ ಅವನ ಬ್ಯಾಗಿನಲ್ಲಿ ಮೂರು ಕಾರುಗಳ ಬ್ರೋಷರುಗಳಿದ್ದವು. ಅವ್ವ ತಂಬಿಟ್ಟಿನ ಉಂಡಿ, ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ತಾಟು ತಂದಿಟ್ಟರೆ ಅವನು ತಾಟನ್ನು ಪಕ್ಕಕ್ಕೆ ಸರಿಸಿ ಬ್ರೋಷರುಗಳನ್ನು ಹರವಿದ. ಬೆಂಜ್ ಸಿ ಕ್ಲಾಸ್, ಬಿಎಂಡಬ್ಲ್ಯೂ 3 ಸೀರೀಸ್, ಆಡಿ ಎ4. ನಮ್ಮೂರು ರೋಣ ಮತ್ತು ನರಗುಂದದ ನಡುವೆ, ಬೆಣ್ಣಿಹಳ್ಳದ ಕಡೆ ಇದೆ. ಇಲ್ಲಿ ಕಾರು ಅಂದರೆ ಬಿಳಿ ಬಣ್ಣದ್ದು, ಮದುವೆ-ಆಸ್ಪತ್ರೆಗೆ ಬಾಡಿಗೆ ಹೋಗುವಂಥದ್ದು. ಇಷ್ಟು ದುಡ್ಡಿನ ಕಾರಿನ ಬಗ್ಗೆ ನಮ್ಮ ಪಡಸಾಲೆಯಲ್ಲಿ ಮಾತು ನಡೆದದ್ದು ಅದೇ ಮೊದಲು.

ಅಣ್ಣ ನನ್ನ ಕಡೆ ನೋಡಿ, "ನೀ ಪತ್ರಿಕೋದ್ಯಮ ಓದಿಯಲ್ಲ, ಎಲ್ಲಾ ಓದಿ ಯಾವ ಎಂಜಿನ್, ಯಾವ ಮಾಡೆಲ್ ಅಂತ ಹೇಳು" ಅಂದ. ಗ್ರಾಮೀಣ ಪತ್ರಿಕೋದ್ಯಮ ಓದಿದವನಿಗೆ ಬೆಳೆವಿಮೆ ಗೊತ್ತಿರುತ್ತದೆ, ಗ್ರಾಮ ಪಂಚಾಯ್ತಿಯ ಕ್ರಿಯಾಯೋಜನೆ ಗೊತ್ತಿರುತ್ತದೆ. ಬೆಂಜ್ ಗೊತ್ತಿರುವುದಿಲ್ಲ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡದ್ದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬರದ ವರ್ಷಗಳ ಬೆನ್ನಿಗೇ, 2005ರಲ್ಲಿ ಅಣ್ಣ ಎಂಜಿನಿಯರಿಂಗ್ ಸೇರಿದ. ಆಗ ಅಪ್ಪ ಮೂರು ಎಕರೆ ಎರಿ ಹೊಲ ಮಾರಿದ. ನನ್ನ ಪಾಳಿ ಬರುವಷ್ಟರಲ್ಲಿ ಮಾರುವ ಹೊಲವಿರಲಿಲ್ಲ. ಹೀಗಾಗಿ ಕಡಿಮೆ ಫೀಯಿನ ಕೋರ್ಸ್ ನನ್ನ ಪಾಲಿಗೆ ಬಂತು. ಆ ಕೋರ್ಸ್ ನನಗೆ ಇಷ್ಟವಾಯಿತು ಎಂಬುದು ಬೇರೆ ಮಾತು. ಆದರೆ ಈಗಲೂ ರೋಣಕ್ಕೆ ಹೋಗುವಾಗ ಆ ಮೂರು ಎಕರೆಯಲ್ಲಿ ಬೇರೆಯವರ ಹೆಸರು ಬೆಳೆ, ಬೇರೆಯವರ ಕಡಲೆ ಕಂಡರೆ ಕಣ್ಣು ಆ ಕಡೆ ತಿರುಗುತ್ತದೆ.

ಎರಡು ದಿನ ಮೊಬೈಲಿನಲ್ಲಿ ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸುದ್ದಿ ಬರೆಯುವವರ ಚಟ ಅದು.

ಮೊದಲನೆಯ ಮಾತು, ಮೂರೂ ಕಾರುಗಳಲ್ಲಿ ಆಯ್ಕೆ ಒಂದೇ ತರಹ ಇರಲಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಹೊಗೆ ನಿಯಮ ಬಂತು. ಡೀಸೆಲ್ ಎಂಜಿನ್ನನ್ನು ಆ ನಿಯಮಕ್ಕೆ ಹೊಂದಿಸುವುದು ಖರ್ಚಿನ ಕೆಲಸ. ಆಡಿ ಕಂಪನಿ ಭಾರತದಲ್ಲಿ ಡೀಸೆಲನ್ನೇ ಕೈಬಿಟ್ಟಿತು. ಹಾಗಾಗಿ ಎ4ನಲ್ಲಿ ಎಂಜಿನ್ ಒಂದೇ, 2 ಲೀಟರಿನ ಪೆಟ್ರೋಲ್. ಅಲ್ಲಿ ಆರಿಸಬೇಕಾದದ್ದು ಬರೀ ಅಲಂಕಾರ: ಪ್ರೀಮಿಯಂ, ಪ್ರೀಮಿಯಂ ಪ್ಲಸ್, ಟೆಕ್ನಾಲಜಿ ಎಂಬ ಮೂರು ಮೆಟ್ಟಿಲು. ಎಂಜಿನ್ ಅದೇ, ಗಾಲಿ ಅವೇ ನಾಲ್ಕು. ಮೇಲಿನ ಮೆಟ್ಟಿಲಿಗೆ ಹೋದಂತೆ ಪರದೆ, ಸ್ಪೀಕರ್, ಕ್ಯಾಮೆರಾ, ದೀಪ ಹೆಚ್ಚುತ್ತವೆ.

ಬೆಂಜ್ ಲೆಕ್ಕ ಬೇರೆ. ಹೊಸ ಸಿ ಕ್ಲಾಸ್ ಅದೇ ವರ್ಷ ಮೇ ತಿಂಗಳಲ್ಲಿ ಬಂದಿತ್ತು. ಸಿ200 ಅಂದರೆ ಒಂದೂವರೆ ಲೀಟರಿನ ಪೆಟ್ರೋಲ್, 204 ಅಶ್ವಶಕ್ತಿ, ಶೋರೂಂ ಬೆಲೆ 55 ಲಕ್ಷ. ಸಿ220ಡಿ ಎರಡು ಲೀಟರಿನ ಡೀಸೆಲ್, 200 ಅಶ್ವಶಕ್ತಿ, 56 ಲಕ್ಷ. ಸಿ300ಡಿ ಅದೇ ಅಳತೆಯ ಡೀಸೆಲ್, ಆದರೆ 265 ಅಶ್ವಶಕ್ತಿ, 61 ಲಕ್ಷ. ಎಎಂಜಿ ಲೈನ್ ಎಂಬ ಸ್ಪೋರ್ಟ್ ಅಲಂಕಾರ ಬೇಕೆಂದರೆ ಆ 61 ಲಕ್ಷದ್ದನ್ನೇ ತೆಗೆದುಕೊಳ್ಳಬೇಕು. ಅಂದರೆ ಇಲ್ಲಿ ಎಂಜಿನ್ ಮತ್ತು ಅಲಂಕಾರ ಬಿಡಿಸಲಾರದ ಗಂಟು. ಚೆಂದದ ಬಂಪರ್ ಬೇಕಾದವನು ದೊಡ್ಡ ಎಂಜಿನ್ನನ್ನೂ ಹೊತ್ತುಕೊಂಡು ಹೋಗಬೇಕು.

ಬಿಎಂಡಬ್ಲ್ಯೂನಲ್ಲಿ ಗ್ರಾನ್ ಲಿಮೋಸಿನ್ ಎಂಬ ಉದ್ದನೆಯ ಗಾಡಿ. ಮಾಮೂಲಿ 3 ಸೀರೀಸಿಗಿಂತ ಎರಡೂ ಅಚ್ಚುಗಳ ನಡುವೆ 110 ಮಿಲಿಮೀಟರ್ ಹೆಚ್ಚು. ಅಷ್ಟೂ ಜಾಗ ಹಿಂದಿನ ಸೀಟಿನವರ ಕಾಲಿಗೆ. ಅದರಲ್ಲಿ ಪೆಟ್ರೋಲ್ 258 ಅಶ್ವಶಕ್ತಿ, ಡೀಸೆಲ್ 190. ಆದರೆ ಜಗ್ಗುವ ಬಲ ಎರಡರದೂ 400 ನ್ಯೂಟನ್ ಮೀಟರ್.

ಅಣ್ಣ ಮೊದಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ: ಡೀಸೆಲ್ಲೇ, ಅದೂ ಮೇಲಿನ ಮಾಡೆಲ್ಲೇ. ಪಂಚಮಿಗೆ ತವರಿಗೆ ಬಂದಿದ್ದ ಅಕ್ಕನ ಜೊತೆ ಗಜೇಂದ್ರಗಡದಿಂದ ಮಾವನೂ ಬಂದಿದ್ದರು. ಅವರದೂ ಅದೇ ಮಾತು. "ತಗೊಳೂದಾದ್ರ ಟಾಪ್ ಎಂಡ್ ತಗೋಬೇಕ. ಕಡಿಮಿ ತಗೊಂಡ್ರ ನಾಳೆ ಮಾರಾಕ ಹೋದಾಗ ಯಾರೂ ಕೇಳೂದಿಲ್ಲ." ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಬಂದ ಮೇಲೆ ಅವರ ಕಡೆ ಒಂದಷ್ಟು ಹೊಸ ಕಾರು ಕಾಣುತ್ತವೆ. ಹಾಗಾಗಿ ಮಾವನ ಮಾತಿಗೆ ನಮ್ಮ ಮನೆಯಲ್ಲಿ ತೂಕ ಹೆಚ್ಚು.

ಅಪ್ಪ ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ. ಡೀಸೆಲ್ ಅಂದಾಗ ಮಾತ್ರ ತಲೆ ಆಡಿಸಿದ. "ಟ್ರ್ಯಾಕ್ಟರ್ ಯಾಕ ಡೀಸೆಲ್ ಇರ್ತೈತಿ? ಜಗ್ಗಾಕ. ಗೇರ್ ಹಾಕಿ ಬಿಟ್ರ ಸಾಕು, ಎಂಜಿನ್ ಒದರದಂಗ ಎಳೀತೈತಿ." ನೋಟ್‌ಬುಕ್ಕಿನಲ್ಲಿ ನಾನು ಎರಡು ಪುಟ ಬರೆದುಕೊಂಡಿದ್ದ ಟಾರ್ಕ್ ಎಂಬುದನ್ನು ಅಪ್ಪ ಎರಡು ಮಾತಿನಲ್ಲಿ ಮುಗಿಸಿದ. ಬೆಂಜ್ ಪೆಟ್ರೋಲಿನ ಬಲ 300, ಡೀಸೆಲಿನದು 440 ನ್ಯೂಟನ್ ಮೀಟರ್ ಅಂದೆ. "ಹಂಗಾದ್ರ ಡೀಸೆಲ್ಲೇ ಎತ್ತು" ಅಂದ.

ಹಬ್ಬ ಮುಗಿದ ಮರುದಿನ ಮೂವರೂ ಹುಬ್ಬಳ್ಳಿಗೆ ಹೊರಟೆವು. ಅಣ್ಣನ ಹಳೆಯ ಕಾರಿನಲ್ಲೇ. ಮಳೆಗಾಲದಲ್ಲಿ ನಮ್ಮೂರಿಂದ ನರಗುಂದದ ರಸ್ತೆ ಹಿಡಿಯುವುದೇ ಒಂದು ಪರೀಕ್ಷೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಬೆಣ್ಣಿಹಳ್ಳ ತುಂಬಿದರೆ ಯಾವಗಲ್ ಹತ್ತಿರ ದಾಟುವುದು ಕಷ್ಟ. ಅಣ್ಣನ ಕಾರಿನ ತಳ ಎರಡು ಕಡೆ ನೆಲಕ್ಕೆ ತಾಗಿತು. ಆಗ ಅಪ್ಪ ಕೇಳಿದ, "ಹೊಸಾದು ಇದಕ್ಕಿಂತ ಎತ್ತರ ಐತೇನ?" ಅಣ್ಣ ಉತ್ತರ ಕೊಡಲಿಲ್ಲ. ಸೆಡಾನ್ ಅಂದರೆ ತಗ್ಗು. ಸ್ಪೋರ್ಟ್ ಅಲಂಕಾರದ್ದರಲ್ಲಿ ಗಾಲಿ ದೊಡ್ಡದು, ಟಯರಿನ ಅಂಚು ತೆಳ್ಳಗೆ. ನುಣುಪು ರಸ್ತೆಯಲ್ಲಿ ತಿರುವಿನಲ್ಲಿ ಅಂಟಿಕೊಂಡು ಹೋಗುತ್ತದೆ, ಕುಣಿಗೆ ಬಿದ್ದರೆ ರಿಮ್ಮಿಗೇ ಪೆಟ್ಟು. ಎಎಂಜಿ ಲೈನ್ ಮೇಲಿನ ಆಸೆ ಅಲ್ಲೇ ಸ್ವಲ್ಪ ಕರಗಿತು ಅಂತ ಕಾಣುತ್ತದೆ.

ನರಗುಂದದಲ್ಲಿ ಹೆದ್ದಾರಿ ಸೇರಿದ ಮೇಲೆ ಅಪ್ಪ ರೈತರ ವೀರಗಲ್ಲಿಗೆ ಕೈಮುಗಿದ. ಪ್ರತಿ ಸಲವೂ ಮುಗಿಯುತ್ತಾನೆ. 1980ರ ಜುಲೈ 21ರ ಬಂಡಾಯದಲ್ಲಿ ಅಪ್ಪನಿಗೆ ಇಪ್ಪತ್ತಾರು ವರ್ಷ. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರ ಹಾಕಿದ್ದೇ ಆ ಬಂಡಾಯಕ್ಕೆ ಒಂದು ಮುಖ್ಯ ಕಾರಣ. ನಾನು ಸಮಯ ನೋಡಿ ನೋಟ್‌ಬುಕ್ ತೆಗೆದು ಕಾರಿನ ತೆರಿಗೆ ಓದಿದೆ. ಆಗ 1,500 ಸಿಸಿ ಒಳಗಿನ ಎಂಜಿನ್ನಿಗೆ ಜಿಎಸ್‌ಟಿ, ಸೆಸ್ ಸೇರಿ ಶೇ 45 ಇತ್ತು. ಅದಕ್ಕಿಂತ ದೊಡ್ಡದಕ್ಕೆ ಶೇ 48. 55 ಲಕ್ಷದೊಳಗೇ ಸುಮಾರು 17 ಲಕ್ಷ ಅದೇ. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, 20 ಲಕ್ಷ ಮೀರಿದ ಕಾರಿಗೆ ಶೇ 18. ಅಂದರೆ ಮತ್ತೆ ಹತ್ತು ಲಕ್ಷದ ಹತ್ತಿರ. ಆಮೇಲೆ ವಿಮೆ.

ಅಪ್ಪ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಆಗ ಕೊಡೂದಿಲ್ಲಂತ ಗುಂಡಿಗೆ ಎದಿ ಕೊಟ್ರು. ಈಗ ನೀ ಬಸ್‌ಚಾರ್ಜ್ ಹಚ್ಚಿಕೊಂಡು ಹೋಗಿ ಕೊಟ್ಟು ಬರ್ತಿ" ಅಂದ. ಅಣ್ಣನೂ ನಕ್ಕ. ನವಲಗುಂದ ದಾಟುವವರೆಗೆ ಕಾರಿನಲ್ಲಿ ಒಳ್ಳೆಯ ಮಾತುಕತೆ ಇತ್ತು.

ಶೋರೂಮಿನಲ್ಲಿ ನಮ್ಮನ್ನು ಕೂರಿಸಿದ ಹುಡುಗ ಒಳ್ಳೆಯವನು. ಅಪ್ಪನ ಧೋತರ, ಮಣ್ಣು ಮೆತ್ತಿದ ಚಪ್ಪಲಿ ನೋಡಿಯೂ ಮುಖ ಬದಲಿಸಲಿಲ್ಲ. ನೀರು, ಚಹಾ ಕೊಟ್ಟ. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಅಪ್ಪ ಕೂತದ್ದು ಸಲೀಸು. ಏಳುವಾಗ ಮಾತ್ರ ಮೊಣಕಾಲು ಕೇಳಲಿಲ್ಲ. ನಾನು ಒಂದು ಕೈ, ಆ ಹುಡುಗ ಒಂದು ಕೈ ಹಿಡಿದು ಎಬ್ಬಿಸಿದೆವು. "ಬಾಂವ್ಯಾಗಿಂದ ಎತ್ತಿದಂಗಾತು" ಅಂದ ಅಪ್ಪ. ಹಿಂದಿನ ಸೀಟಿನ ಜಾಗಕ್ಕಾಗಿ ಉದ್ದನೆಯ ಗಾಡಿ ನೋಡೋಣವೇ ಅಂತ ಅಣ್ಣ ಕೇಳಿದರೆ, "ನಾ ವರ್ಷಕ್ಕ ಎರಡು ಸಲ ಕುಂದ್ರಾಂವ. ನನ್ನ ಸಲುವಾಗಿ ಗಾಡಿ ಉದ್ದ ಮಾಡಬ್ಯಾಡ. ಕಾಲು ಚಾಚಾಕಲ್ಲ, ಏಳಾಕ ತ್ರಾಸ ಐತಿ ನನಗ" ಅಂದ. ಬ್ರೋಷರಿನಲ್ಲಿ ಅಷ್ಟೊಂದು ಅಳತೆ ಕೊಡುತ್ತಾರೆ. ಸೀಟು ನೆಲದಿಂದ ಎಷ್ಟು ಎತ್ತರ ಎಂಬುದನ್ನು ನಾನು ಬರೆದುಕೊಂಡಿರಲೇ ಇಲ್ಲ. ವಯಸ್ಸಾದವರಿಗಾಗಿ ಕಾರು ನೋಡುವವರು ಅವರನ್ನೇ ಕರೆದುಕೊಂಡು ಹೋಗಿ, ಕೂರಿಸುವುದಷ್ಟೇ ಅಲ್ಲ, ಎಬ್ಬಿಸಿಯೂ ನೋಡಬೇಕು.

ಆಮೇಲೆ ಆ ಹುಡುಗ ಅಣ್ಣನ ಮುಂದೆ ಪೆನ್ನು ಹಿಡಿದು ಕೂತು ಕೇಳಿದ: "ಸರ್, ವರ್ಷಕ್ಕ ಎಷ್ಟು ಕಿಲೋಮೀಟರ್ ಓಡಸ್ತೀರಿ?"

"ಹದಿನೈದು ಸಾವಿರ" ಅಂದ ಅಣ್ಣ, ತಡ ಮಾಡದೆ.

"ಆಫೀಸಿಗೆ ದಿನಾ ಹೋಗ್ತೀರೇನ್ರಿ?"

"ಇಲ್ಲ, ಮನಿಂದನ ಕೆಲಸ. ವಾರಕ್ಕ ಒಂದು ದಿನ. ಊರಿಗೆ ಬಂದು ಹೋಗೋದು ಜಾಸ್ತಿ ಇರ್ತದ."

ಆ ಹುಡುಗ ಡೀಸೆಲಿನ ಬಗ್ಗೆ ಬಿಡಿಸಿ ಹೇಳಿದ. ಬಿಎಸ್6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ, ಡಿಪಿಎಫ್ ಅಂತ. ಮಸಿ ತುಂಬಿಕೊಂಡಾಗ ಎಂಜಿನ್ ಅದನ್ನು ಒಳಗೇ ಸುಟ್ಟು ಬೂದಿ ಮಾಡುತ್ತದೆ. ಸುಡಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಕಾಯಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಒಂದಷ್ಟು ಹೊತ್ತು ಓಡಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಜರಡಿ ಕಟ್ಟಿಕೊಳ್ಳುತ್ತದೆ, ದೀಪ ಹತ್ತಿಕೊಳ್ಳುತ್ತದೆ. ಇನ್ನೊಂದು ಟ್ಯಾಂಕ್ ಇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲು ಅದಕ್ಕೆ ಯೂರಿಯಾ ದ್ರಾವಣ ಹಾಕಬೇಕು. ಶುದ್ಧ ನೀರಿನಲ್ಲಿ ಶೇ 32.5ರಷ್ಟು ಯೂರಿಯಾ.

"ಯೂರಿಯಾ?" ಅಪ್ಪ ಮುಂದಕ್ಕೆ ಬಾಗಿದ. "ಇದಕ್ಕೂ ಯೂರಿಯಾ ಬೇಕೇನ? ಹಂಗಾದ್ರ ಇದನ್ನೂ ಸೊಸೈಟಿ ಮುಂದ ಪಾಳಿಗೆ ನಿಲ್ಲಸಬೇಕಾತು."

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಅಪ್ಪ ಆ ಹುಡುಗನನ್ನು ಕೇಳಿದ, "ಹೆದ್ದಾರಿಗೆ ಹೋಗದಿದ್ರ ಡೀಸೆಲ್ ಗಾಡಿ ಕೆಡತೈತಿ ಅಂತೀರಿ. ಹೌದಲ್ಲ?" ಅವನು, "ಕೆಡತದ ಅಂತಲ್ರಿ, ಆದ್ರ ಆಗಾಗ ಹೆದ್ದಾರಿಗೆ ಒಯ್ಯಬೇಕ್ರಿ" ಅಂದ. ಅಪ್ಪ ಅಣ್ಣನ ಕಡೆ ತಿರುಗಲಿಲ್ಲ. ಟೇಬಲ್ಲಿನ ಮೇಲಿನ ಪುಟ್ಟ ಕಾರಿನ ಬೊಂಬೆ ನೋಡುತ್ತಾ ಹೇಳಿದ: "ಹ್ವಾದ ವರ್ಷ ಪಂಚಮಿಗೆ ಬಂದಿದ್ದ. ಆಮ್ಯಾಲೆ ಯುಗಾದಿಗೆ. ಈಗ ಬಂದಾನ."

ಮೂರು ಸಲ. ಅಷ್ಟೇ ಹೇಳಿದ. ದನಿಯಲ್ಲಿ ತಕರಾರು ಇರಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿದ ಹಾಗೆ ಎಣಿಸಿದ.

ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕ ಆಗಲೇ ಇತ್ತು. ಆಗ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 101.94 ರೂಪಾಯಿ, ಡೀಸೆಲ್ 87.89. ನಿಜದ ರಸ್ತೆಯಲ್ಲಿ ಪೆಟ್ರೋಲ್ ಕಾರು 11 ಕಿಲೋಮೀಟರ್, ಡೀಸೆಲ್ 15 ಕೊಡುತ್ತದೆ ಅಂತ ನಾನೇ ಹಿಡಿದುಕೊಂಡಿದ್ದೆ. ಹತ್ತು ಸಾವಿರ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು ಸುಮಾರು 93 ಸಾವಿರ, ಡೀಸೆಲಿನದು 59 ಸಾವಿರ. ಉಳಿತಾಯ 34 ಸಾವಿರ. ಸಿ200 ಮತ್ತು ಸಿ220ಡಿ ನಡುವಿನ ಒಂದು ಲಕ್ಷ, ಅದರ ಮೇಲಿನ ರಸ್ತೆ ತೆರಿಗೆ ಸೇರಿ 1.2 ಲಕ್ಷ ಅಂದರೆ ಮೂರೂವರೆ ವರ್ಷಕ್ಕೆ ದುಡ್ಡು ಹುಟ್ಟುತ್ತದೆ. ಹದಿನೈದು ಸಾವಿರ ಓಡಿಸಿದರೆ ಎರಡೂವರೆ ವರ್ಷದೊಳಗೇ ಹುಟ್ಟುತ್ತದೆ. ಐದು ಸಾವಿರವೇ ಓಡಿಸಿದರೆ ಏಳು ವರ್ಷ. ಎಂಜಿನ್ ಯಾವುದೆಂದು ತೀರ್ಮಾನಿಸುವುದು ಅಶ್ವಶಕ್ತಿಯೂ ಅಲ್ಲ, ಬ್ರೋಷರೂ ಅಲ್ಲ. ಆ ಒಂದೇ ಪ್ರಶ್ನೆ. ಅದಕ್ಕೆ ನಾವು ಕೊಡುವ ಉತ್ತರ ಖರೇ ಇರಬೇಕು, ಅಷ್ಟೇ.

ಒಳಗೊಳಗೇ ನನಗೆ ಖುಷಿಯಾಗಿತ್ತು. ಇಷ್ಟು ವರ್ಷ ಫೋನಿನಲ್ಲಿ "ಮುಂದಿನ ತಿಂಗಳು ಬರ್ತೀನಿ", "ದೀಪಾವಳಿಗೆ ಖಾತ್ರಿ" ಅಂದವನು ಈಗ ಬೇರೆಯವರ ಮುಂದೆ ಸಿಕ್ಕಿಬಿದ್ದ ಅಂತ. ಹದಿನೈದು ಸಾವಿರ ಅಂದವನು ಇನ್ನೇನು ಜೋರು ಮಾಡುತ್ತಾನೆ, "ಇನ್ನು ಮುಂದ ಬರ್ತೀನಲ್ಲ" ಅಂತ ಡೀಸೆಲ್ಲೇ ಬುಕ್ ಮಾಡುತ್ತಾನೆ ಅಂದುಕೊಂಡೆ.

ಅಣ್ಣ ಪೆನ್ನು ತೆಗೆದುಕೊಂಡು ಬ್ರೋಷರಿನ ಹಿಂದೆ ಬರೆಯತೊಡಗಿದ. ಊರಿಗೆ ಹೋಗಿ ಬರಲು ಸುಮಾರು 900, ವರ್ಷಕ್ಕೆ ಮೂರು ಸಲ, 2,700. ಆಫೀಸು, ಮಗಳ ಶಾಲೆ, ಬಜಾರ ಸೇರಿ ನಾಲ್ಕು ಸಾವಿರದ ಚಿಲ್ಲರೆ. ಕೂಡಿಸಿ ಕೆಳಗೆ ಗೆರೆ ಎಳೆದು "ಏಳು ಸಾವಿರ" ಅಂದ. ನಂತರ ಅಪ್ಪನನ್ನು ನೋಡಿ, "ಮೂರಕ್ಕಿಂತ ಹೆಚ್ಚ ಆಗೂದಿಲ್ಲಪ. ಮಗಳ ಶಾಲಿ ಐತಿ. ನಾಕ ಅಂದ್ರ ಸುಳ್ಳ ಹೇಳಿದಂಗ ಆಗತೈತಿ" ಅಂದ. ಆಮೇಲೆ ಆ ಹುಡುಗನಿಗೆ, "ಪೆಟ್ರೋಲ್ ತೋರಸ್ರಿ" ಅಂದ.

ಅಪ್ಪ ಏನೂ ಅನ್ನಲಿಲ್ಲ. ಎದುರಿಗಿದ್ದ ನೀರು ಕುಡಿದ.

ಕೊನೆಗೆ ಬುಕ್ ಆದದ್ದು ಆ ಒಂದೂವರೆ ಲೀಟರಿನ ಪೆಟ್ರೋಲ್. ಸ್ಪೋರ್ಟ್ ಅಲಂಕಾರ ಇಲ್ಲ, ದೊಡ್ಡ ಎಂಜಿನ್ ಇಲ್ಲ. ಅದರಲ್ಲಿ 48 ವೋಲ್ಟಿನ ಸಣ್ಣ ವಿದ್ಯುತ್ ಮೋಟರ್ ಒಂದು ಎಂಜಿನ್ನಿಗೆ ಕೈಜೋಡಿಸುತ್ತದೆ. ನಿಂತು ಹೊರಡುವ ನಗರದ ಓಡಾಟಕ್ಕೆ ಅದು ಹೊಂದುತ್ತದೆ. ಮಾವನಿಗೆ ಫೋನು ಮಾಡಿದಾಗ "ಕಡಿಮಿ ಮಾಡೆಲ್ ಆತು" ಅಂತ ಬೇಸರಪಟ್ಟರು. 61 ಲಕ್ಷಕ್ಕೂ 55 ಲಕ್ಷಕ್ಕೂ ನಡುವಿನ ಆರು ಲಕ್ಷ ಅಣ್ಣನ ಖಾತೆಯಲ್ಲೇ ಉಳಿಯಿತು. ಆ ದುಡ್ಡಿನಿಂದ ಮೂರು ಎಕರೆ ಬಿಡಿಸಿಕೊಂಡ ಅಂತ ಬರೆದರೆ ಓದಲು ಚೆಂದ ಇರುತ್ತಿತ್ತು. ಹಾಗೇನೂ ಆಗಲಿಲ್ಲ. ಹೊಲ ಈಗಲೂ ಬೇರೆಯವರ ಹೆಸರಿನಲ್ಲೇ ಇದೆ. ಆ ಮಾತು ನಮ್ಮ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ, ನಾನೂ ಸೇರಿ.

ಅಣ್ಣ ಹುಬ್ಬಳ್ಳಿಯಿಂದಲೇ ಬೆಂಗಳೂರಿಗೆ ಹೊರಟ. ನಾನು, ಅಪ್ಪ ನರಗುಂದದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಸುಮ್ಮನಿದ್ದೆವು. ನನ್ನೊಳಗಿನ ಖುಷಿ ಎಲ್ಲೋ ಇಳಿದುಹೋಗಿತ್ತು. ನಾನೇ ಬಾಯಿಬಿಟ್ಟೆ: "ಪೆಟ್ರೋಲ್ ತಗೊಂಡ. ಅಂದ್ರ ಬರೂದಿಲ್ಲಂತ ಬರದ ಕೊಟ್ಟಂಗಾತು, ಅಲ್ಲ?"

ಅಪ್ಪ ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದ. "ಮೂರ ಸಲ ಬರ್ತೀನಂತ ಹೇಳ್ದನಲ್ಲ. ಹತ್ತ ವರ್ಷದಾಗ ಮದಲನೇ ಸಲ ಖರೇ ಹೇಳ್ಯಾನ. ಡೀಸೆಲ್ ತಗೊಂಡಿದ್ರ ನಾ ವರ್ಷಪೂರ್ತಿ ದಾರಿ ನೋಡಬೇಕಿತ್ತು."

ನಾನು ಮೂರು ಸಲ ಎಂಬುದರಲ್ಲಿ ಕೊರತೆಯನ್ನಷ್ಟೇ ಕಂಡಿದ್ದೆ. ಅಪ್ಪನಿಗೆ ಅದರಲ್ಲಿ ಲೆಕ್ಕ ಕಂಡಿತ್ತು. ಯಾವ ತಿಂಗಳು ಬಾಗಿಲಿಗೆ ಬರಬೇಕು, ಯಾವ ತಿಂಗಳು ಬರಬೇಕಿಲ್ಲ ಅಂತ ಗೊತ್ತಾಗುವ ಲೆಕ್ಕ. ಮಳೆಯ ದಾರಿ ನೋಡಿ ನೋಡಿ ಸಾಕಾದವರಿಗೆ ಹೇಳಿದ ದಿನಕ್ಕೆ ಬರುವುದರ ಬೆಲೆ ಹೆಚ್ಚು ಗೊತ್ತಿರುತ್ತದೆ ಅಂತ ಕಾಣುತ್ತದೆ.

ಕಾರು ಊರಿಗೆ ಮೊದಲು ಬಂದದ್ದು ದೀಪಾವಳಿಗೆ. ಓಣಿಯ ಹುಡುಗರು ಸುತ್ತ ನೆರೆದರು. ಅವ್ವ ಆರತಿ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಊರ ಹೊರಗಿನ ಗುಡಿಯವರೆಗೆ ಹೋಗಿ ಬಂದ. ಇಳಿಯುವಾಗ ನಾನು ಕೈ ಕೊಟ್ಟೆ. ಇಳಿಯುವ ಮೊದಲು ಡ್ಯಾಶ್‌ಬೋರ್ಡಿನ ಪರದೆ ತೋರಿಸಿ, "ಎಷ್ಟ ಓಡೈತಂತ ಎಲ್ಲಿ ಬರ್ತೈತಿ?" ಅಂತ ಕೇಳಿದ. ಅಣ್ಣ ತೋರಿಸಿದ. ಅಂದಿನಿಂದ ಕಾರು ಬಂದಾಗಲೆಲ್ಲ ಅಪ್ಪ ಮೊದಲು ಕೇಳುವುದು ಅದನ್ನೇ. ಅಣ್ಣ ಹೇಳುತ್ತಾನೆ, ನಾನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಯುಗಾದಿಗೆ ಬಂತು. ಪಂಚಮಿಗೂ ಬಂತು. ಮರುವರ್ಷ ದೀಪಾವಳಿಗೆ ಬಂದಾಗ ಓದಿದ ಅಂಕಿ 7,412.

ಅಪ್ಪ ಬೆರಳು ಮಡಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಬರೋಬ್ಬರಿ ಐತಿ" ಅಂದ. "ಪೆಟ್ರೋಲ್ ತಗೊಂಡದ್ದ ಚಲೋ ಆತು."